ಕೆಲಸ ನಿಲ್ಲಿಸದೆ ಹೊಸ ಲಿನಕ್ಸ್ ಹಾಕುವುದು ಹೇಗೆ?

ಮಲೆನಾಡಿನ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಒಟ್ಟಿಗೆ ಇರುವ ಹೊತ್ತೇ ಕಡಿಮೆ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ, ರೀಸ್ಟಾರ್ಟ್ ಮಾಡಿ, ಇನ್‌ಸ್ಟಾಲರ್‌ನ ನೀಲಿ ಪಟ್ಟಿ ನೋಡುತ್ತಾ ಕೂರುವುದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಶಿವಮೊಗ್ಗದ ಡಿಟಿಪಿ ಅಂಗಡಿಗೂ ಇದೇ ಕಥೆ. ಮದುವೆ ಸೀಸನ್ನಿನಲ್ಲಿ ಕಂಪ್ಯೂಟರ್ ಅರ್ಧ ದಿನ ನಿಂತರೆ ಲಗ್ನಪತ್ರಿಕೆ ಕೊಡುವ ದಿನ ತಪ್ಪುತ್ತದೆ.

ಆದರೆ ಬದಲಾಯಿಸುವ ಕಾಲ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಆಗದ ಹಳೆಯ ಮೆಷಿನ್ನುಗಳು ಲಿನಕ್ಸ್ ಕಡೆ ಬರುತ್ತಿವೆ. ಮೊದಲೇ ಲಿನಕ್ಸ್ ಬಳಸುತ್ತಿದ್ದವರಿಗೂ ಬಿಡುಗಡೆ ಇಲ್ಲ. ಉಬುಂಟು 20.04ರ ಮಾಮೂಲಿ ಬೆಂಬಲ 2025ರ ಮೇನಲ್ಲಿ ನಿಂತಿತು. ಹಳೆಯದರಲ್ಲೇ ಇದ್ದರೆ ಭದ್ರತೆಯ ತೂತುಗಳು ಮುಚ್ಚುವುದಿಲ್ಲ. ಬ್ಯಾಂಕು, ಜಿಎಸ್‌ಟಿ ಎಲ್ಲ ಅದರಲ್ಲೇ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಹಳೆಯ ಸಿಸ್ಟಂನಲ್ಲಿ ಕೆಲಸ ಮಾಡುತ್ತಲೇ, ಅದೇ ಮೆಷಿನ್ನಿನಲ್ಲಿ ಹೊಸದನ್ನು ಹಾಕಬಹುದಾ? ಹಾಕಬಹುದು. ಪೂರ್ತಿ ರೀಬೂಟೇ ಇಲ್ಲದೆ ಅಂತ ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದ.

ಮೊದಲು ಎರಡು ಪದ

ಲಿನಕ್ಸ್ ಅನ್ನುವುದು ನಿಜವಾಗಿ ಒಂದು ಕರ್ನಲ್‌ನ ಹೆಸರು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರು ಮಾಡಿದ್ದು. ಮೆಷಿನ್ ಆನ್ ಆದ ಮೇಲೆ ಮೆಮೊರಿಗೆ ಬಂದು ಕೂರುವ, ಪ್ರೊಸೆಸರ್, ಡಿಸ್ಕ್, ಕೀಬೋರ್ಡ್, ವೈಫೈ ಎಲ್ಲವನ್ನೂ ನೋಡಿಕೊಳ್ಳುವ ಪ್ರೋಗ್ರಾಮೇ ಕರ್ನಲ್. ಬ್ರೌಸರ್ ಒಂದು ಫೈಲ್ ಓದಬೇಕಾದರೂ ಇದನ್ನು ಕೇಳಿಯೇ ಓದಬೇಕು.

ಬರೀ ಕರ್ನಲ್ ಇಟ್ಟುಕೊಂಡು ನಾವು ಏನೂ ಮಾಡಲು ಆಗುವುದಿಲ್ಲ. ಅದರ ಮೇಲೆ ಡೆಸ್ಕ್‌ಟಾಪ್, ಬ್ರೌಸರ್, ಫಾಂಟು, ಪ್ರಿಂಟರ್ ಡ್ರೈವರ್, ಸಾಫ್ಟ್‌ವೇರ್ ತರಿಸಿ ಹಾಕುವ ಪ್ಯಾಕೇಜ್ ಮ್ಯಾನೇಜರ್ ಎಲ್ಲ ಬೇಕು. ಇಷ್ಟನ್ನೂ ಒಟ್ಟು ಮಾಡಿ, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ ಕೊಡುವ ಕಟ್ಟೇ ಡಿಸ್ಟ್ರಿಬ್ಯೂಷನ್, ಆಡುಮಾತಿನಲ್ಲಿ ಡಿಸ್ಟ್ರೋ. ಡೆಬಿಯನ್ 1993ರಿಂದ ಇದೆ. ಅದರ ಮೇಲೆ ಕಟ್ಟಿದ ಉಬುಂಟು 2004ರಲ್ಲಿ ಬಂತು. ಫೆಡೋರಾ, ಆರ್ಚ್, ಮಿಂಟ್ ಎಲ್ಲ ಇಂಥವೇ.

ಮುಂದಿನ ವಿಷಯಕ್ಕೆ ಬೇಕಾದ ಮಾತು ಇಷ್ಟು: ಡಿಸ್ಟ್ರೋದ ಬಹುಪಾಲು ಡಿಸ್ಕಿನ ಮೇಲಿರುವ ಬರೀ ಫೈಲುಗಳು. ಮೆಮೊರಿಯಲ್ಲಿ ಕೂತು ಓಡುತ್ತಿರುವ ಕರ್ನಲ್ ಮಾತ್ರ ಒಂದೇ ಒಂದು.

ಇನ್‌ಸ್ಟಾಲರ್ ಒಳಗೆ ಏನು ನಡೆಯುತ್ತದೆ?

ಇನ್‌ಸ್ಟಾಲ್ ಅಂದ ಕೂಡಲೇ ಮೆಷಿನ್ ನಿಲ್ಲಿಸಿ ಮಾಡುವ ದೊಡ್ಡ ಆಪರೇಷನ್ ಅಂತ ನಮ್ಮ ತಲೆಯಲ್ಲಿ ಕೂತಿದೆ. ಇನ್‌ಸ್ಟಾಲರ್ ಮಾಡುವ ಕೆಲಸ ನೋಡಿದರೆ ಅದು ಅಷ್ಟೇನೂ ಗಂಭೀರ ಅಲ್ಲ. ಡಿಸ್ಕಿನಲ್ಲಿ ಒಂದು ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಫಾರ್ಮ್ಯಾಟ್ ಮಾಡುತ್ತದೆ. ಅದರೊಳಗೆ ಸಾವಿರಾರು ಫೈಲುಗಳನ್ನು ಹರಡುತ್ತದೆ. ನಿಮ್ಮ ಹೆಸರು, ಪಾಸ್‌ವರ್ಡ್, ಭಾಷೆ, ಟೈಮ್ ಝೋನ್ ಬರೆದಿಡುತ್ತದೆ. ಕೊನೆಗೆ, ಮೆಷಿನ್ ಆನ್ ಆದಾಗ ಈ ಕರ್ನಲ್ ಎತ್ತಿಕೋ ಅಂತ ಹೇಳುವ ಬೂಟ್‌ಲೋಡರ್ ಕೂರಿಸುತ್ತದೆ.

ಇದರಲ್ಲಿ ಯಾವ ಕೆಲಸಕ್ಕೂ ಮೆಷಿನ್ ನಿಲ್ಲಿಸಬೇಕಾಗಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗಲೂ ಅಲ್ಲಿ ಓಡುವುದು ಇನ್ನೊಂದು ಲಿನಕ್ಸೇ ಅಲ್ವಾ? ಅದು ಮಾಡುವುದನ್ನು ನಿಮ್ಮ ಈಗಿನ ಲಿನಕ್ಸೂ ಮಾಡಬಲ್ಲದು.

ನಮ್ಮ ಕಡೆ ತೋಟದ ಮನೆಯವರು ಹೊಸ ಮನೆ ಕಟ್ಟುವಾಗ ಹಳೆಯದರಲ್ಲೇ ಇದ್ದುಕೊಂಡು ಪಕ್ಕದಲ್ಲಿ ಕಟ್ಟಿಸುತ್ತಾರೆ. ಗೋಡೆ ಏಳುವಾಗ, ಸಾರಣೆ ಆಗುವಾಗ ಹಳೆ ಮನೆಯಲ್ಲಿ ಅಡುಗೆ, ಊಟ ನಡೆಯುತ್ತಲೇ ಇರುತ್ತದೆ. ಕಟ್ಟುವ ಕೆಲಸಕ್ಕೆ ನೀರು, ಕರೆಂಟು ಹಳೆ ಮನೆಯಿಂದಲೇ ಎಳೆದುಕೊಳ್ಳುತ್ತಾರೆ. ಗೃಹಪ್ರವೇಶದ ದಿನ ಮಾತ್ರ ಇಲ್ಲಿಂದ ಅಲ್ಲಿಗೆ ಹೋಗಬೇಕು. ಲಿನಕ್ಸ್‌ನಲ್ಲಿ ನಾವು ಮಾಡುವುದೂ ಇದನ್ನೇ. ಹೊಸ ಡಿಸ್ಟ್ರೋ ಪಕ್ಕದ ಪಾರ್ಟಿಷನ್ನಿನಲ್ಲಿ ಏಳುತ್ತದೆ, ಕರ್ನಲ್ ಮಾತ್ರ ಹಳೆಯದನ್ನೇ ಎರವಲು ಪಡೆಯುತ್ತದೆ.

ಜಾಗ ಎಲ್ಲಿಂದ ತರುವುದು?

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಡಿಸ್ಕ್ ಪೂರ್ತಿ ಒಂದೇ ಪಾರ್ಟಿಷನ್ ಆಗಿದ್ದು, ಅದರಲ್ಲಿ ಎಕ್ಸ್ಟ್4 ಅನ್ನುವ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇದ್ದರೆ, ಬಳಕೆಯಲ್ಲಿರುವಾಗ ಅದನ್ನು ಕುಗ್ಗಿಸಲು ಆಗುವುದಿಲ್ಲ. ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಅನ್‌ಮೌಂಟ್ ಮಾಡಲೇಬೇಕು, ಅಂದರೆ ಸಿಸ್ಟಂನಿಂದ ಬಿಡಿಸಿ ಇಡಬೇಕು. ನೀವು ಕೂತಿರುವ ಪಾರ್ಟಿಷನ್ನನ್ನೇ ಅನ್‌ಮೌಂಟ್ ಮಾಡುವುದು ಹೇಗೆ?

ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಂ ಇದ್ದವರಿಗೆ ಈ ತೊಂದರೆ ಇಲ್ಲ. ಓಡುತ್ತಿರುವಾಗಲೇ ಕುಗ್ಗಿಸಬಹುದು. ಅದಕ್ಕಿಂತ ಸುಲಭ ಅಂದರೆ ಅದೇ ಪಾರ್ಟಿಷನ್ನಿನೊಳಗೆ ಸಬ್‌ವಾಲ್ಯೂಮ್ ಅನ್ನುವ ಹೊಸ ಭಾಗ ಮಾಡಿ ಅದರಲ್ಲೇ ಹೊಸ ಡಿಸ್ಟ್ರೋ ಇಡುವುದು. ಫೆಡೋರಾ ಡೆಸ್ಕ್‌ಟಾಪ್ 2020ರ 33ನೇ ಆವೃತ್ತಿಯಿಂದ ತಾನಾಗಿ ಬಿಟಿಆರ್‌ಎಫ್‌ಎಸ್ ಕೊಡುತ್ತದೆ, ಹಾಗಾಗಿ ಅದನ್ನು ಬಳಸುವವರು ಒಮ್ಮೆ ನೋಡಿಕೊಳ್ಳಿ.

ಉಳಿದವರಿಗೆ ಯುಎಸ್‌ಬಿ ಕೇಸಿನಲ್ಲಿ ಹಾಕಿದ ಎಸ್‌ಎಸ್‌ಡಿ ಒಳ್ಳೆಯ ದಾರಿ. ಮೆಷಿನ್ ಓಡುತ್ತಿರುವಾಗಲೇ ಚುಚ್ಚಬಹುದು. ಹೊಸ ಸಿಸ್ಟಂ ಅದರಲ್ಲಿ ಸಿದ್ಧವಾದ ಮೇಲೆ, ಬಿಡುವಾದ ದಿನ ರಿಪೇರಿ ಅಂಗಡಿಯಲ್ಲಿ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಇದನ್ನು ಒಳಗೆ ಕೂರಿಸಿದರೆ ಆಯಿತು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಬಿದ್ದರೆ ಡಿಸ್ಟ್ರೋ ಬದಲಾಯಿಸಿದ್ದಕ್ಕಿಂತ ಅದೇ ದೊಡ್ಡ ಲಾಭ ಅನ್ನಿಸುತ್ತದೆ, ಅದು ಬೇರೆ ಮಾತು.

ಯಾವ ದಾರಿ ಹಿಡಿದರೂ ಮುಖ್ಯ ಫೈಲುಗಳ ಒಂದು ಪ್ರತಿ ಮೆಷಿನ್ನಿನಿಂದ ಹೊರಗೆ ಇರಲಿ. ಪಾರ್ಟಿಷನ್ ಫಾರ್ಮ್ಯಾಟ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಹೋಗುವುದು ಹಳೆಯ ಸಿಸ್ಟಮ್ಮೇ.

ಹಳೆಯದರೊಳಗೆ ಹೊಸದು: ಚ್‌ರೂಟ್

ಈಗ ಮುಖ್ಯ ಕೆಲಸ. ನಿಮ್ಮಲ್ಲಿ ಉಬುಂಟು 22.04 ಇದೆ, 2025ರ ಆಗಸ್ಟ್ 9ಕ್ಕೆ ಬಿಡುಗಡೆಯಾದ ಡೆಬಿಯನ್ 13 ಬೇಕು ಅಂತ ಇಟ್ಟುಕೊಳ್ಳೋಣ.

ಖಾಲಿ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿ ಒಂದು ಫೋಲ್ಡರಿಗೆ ಮೌಂಟ್ ಮಾಡುತ್ತೀರಿ, ಅಂದರೆ ಅದರೊಳಗೆ ಕಾಣುವಂತೆ ಜೋಡಿಸುತ್ತೀರಿ. ಆಮೇಲೆ ಡೆಬೂಟ್‌ಸ್ಟ್ರಾಪ್ ಅನ್ನುವ ಸಣ್ಣ ಪ್ರೋಗ್ರಾಮಿಗೆ ಆ ಫೋಲ್ಡರ್ ತೋರಿಸುತ್ತೀರಿ. ಅದು ಡೆಬಿಯನ್ ಸರ್ವರ್‌ನಿಂದ ಅಗತ್ಯದ ಪ್ಯಾಕೇಜುಗಳನ್ನು ಎಳೆದು, ಸರಿಯಿದೆಯಾ ಅಂತ ಸಹಿ ಪರೀಕ್ಷಿಸಿ, ಆ ಫೋಲ್ಡರಿನೊಳಗೆ ಬಿಚ್ಚಿಡುತ್ತದೆ. ಆರ್ಚ್‌ನಲ್ಲಿ ಇದೇ ಕೆಲಸಕ್ಕೆ ಪ್ಯಾಕ್‌ಸ್ಟ್ರಾಪ್ ಇದೆ, ಫೆಡೋರಾದಲ್ಲಿ ಡಿಎನ್‌ಎಫ್ ಅನ್ನುವ ಪ್ಯಾಕೇಜ್ ಮ್ಯಾನೇಜರ್‌ಗೆ ಬೇರೆ ಫೋಲ್ಡರಿಗೆ ಇನ್‌ಸ್ಟಾಲ್ ಮಾಡು ಅಂತ ಹೇಳಬಹುದು. ಇದು ಕದ್ದುಮುಚ್ಚಿ ಮಾಡುವ ಚಮತ್ಕಾರ ಏನಲ್ಲ. ಡೆಬಿಯನ್‌ನ ಅಧಿಕೃತ ಕೈಪಿಡಿಯಲ್ಲೇ ಇದಕ್ಕೆ ಒಂದು ಅನುಬಂಧ ಇದೆ. ಒಂದು ವಿಷಯ ಮಾತ್ರ ಗಮನಿಸಿ: ಹಳೆಯ ಸಿಸ್ಟಂನ ಡೆಬೂಟ್‌ಸ್ಟ್ರಾಪ್ ತೀರಾ ಹಳೆಯದಾದರೆ ಹೊಸ ಬಿಡುಗಡೆಯ ಹೆಸರೇ ಅದಕ್ಕೆ ಗೊತ್ತಿರುವುದಿಲ್ಲ. ಆಗ ಡೆಬಿಯನ್‌ನಿಂದಲೇ ಅದರ ಹೊಸ ಆವೃತ್ತಿ ತಂದುಕೊಳ್ಳಬೇಕು.

ಇಷ್ಟು ಹೊತ್ತೂ ನೀವು ಇನ್ನೊಂದು ಕಿಟಕಿಯಲ್ಲಿ ಮೀಟಿಂಗ್‌ನಲ್ಲಿ ಇರಬಹುದು. ಮೂಲ ಸಿಸ್ಟಂ ಕೆಲವು ನೂರು ಎಂಬಿ. ಡೆಸ್ಕ್‌ಟಾಪ್, ಆಫೀಸ್ ಸೇರಿದರೆ ಜಿಬಿ ಲೆಕ್ಕಕ್ಕೆ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇರುವವರು ದಿನದ ಡೇಟಾ ನೋಡಿಕೊಂಡು ಎರಡು ಮೂರು ದಿನಕ್ಕೆ ಹಂಚಿಕೊಳ್ಳಬಹುದು. ಮಧ್ಯೆ ನೆಟ್ ಹೋದರೂ ಎಪಿಟಿ ಪ್ಯಾಕೇಜ್ ಮ್ಯಾನೇಜರ್ ಬಿಟ್ಟಲ್ಲಿಂದ ಡೌನ್‌ಲೋಡ್ ಮುಂದುವರಿಸುತ್ತದೆ. ಮಾಮೂಲಿ ಇನ್‌ಸ್ಟಾಲರ್ ಮಧ್ಯದಲ್ಲಿ ಕರೆಂಟು ಹೋದರೆ ಅರ್ಧಂಬರ್ಧ ಆದ ಮೆಷಿನ್ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಹೋದರೆ ಕೆಡುವುದು ಹೊಸ ಪಾರ್ಟಿಷನ್ ಮಾತ್ರ. ನಮ್ಮ ಕಡೆಗೆ ಈ ವಿಧಾನ ಹೊಂದುವುದು ಮುಖ್ಯವಾಗಿ ಇದೇ ಕಾರಣಕ್ಕೆ ಅಂತ ನನಗೆ ಅನ್ನಿಸುತ್ತದೆ.

ಫೈಲುಗಳು ಬಂದ ಮೇಲೆ ಹೊಸ ಸಿಸ್ಟಂ ಒಳಗೆ ಹೋಗಬೇಕು. ಅದಕ್ಕೆ ಇರುವ ಆದೇಶ ಚ್‌ರೂಟ್. ಯೂನಿಕ್ಸ್ ಕಾಲದ್ದು, 1979ರಷ್ಟು ಹಳೆಯದು. ಲಿನಕ್ಸ್‌ನಲ್ಲಿ ಎಲ್ಲ ಫೋಲ್ಡರುಗಳೂ ರೂಟ್ ಅನ್ನುವ ಒಂದೇ ಬುಡದಿಂದ ಕವಲೊಡೆಯುತ್ತವೆ. ಚ್‌ರೂಟ್ ಮಾಡುವುದು ಇಷ್ಟೇ: ಈ ಒಂದು ಟರ್ಮಿನಲ್‌ಗೆ (ಆದೇಶ ಟೈಪ್ ಮಾಡುವ ಕಿಟಕಿಗೆ) ಇನ್ನು ಮುಂದೆ ಬುಡ ಅಂದರೆ ಆ ಫೋಲ್ಡರ್ ಅಂತ ಕರ್ನಲ್‌ಗೆ ಹೇಳುತ್ತದೆ. ಉಳಿದ ಕಿಟಕಿಗಳಿಗೆ ಏನೂ ಗೊತ್ತಾಗುವುದಿಲ್ಲ.

ಒಳಗೆ ಹೋಗುವ ಮುಂಚೆ ಹಳೆಯ ಸಿಸ್ಟಂನ ಡೆವ್, ಪ್ರಾಕ್, ಸಿಸ್ ಅನ್ನುವ ಫೋಲ್ಡರುಗಳನ್ನು ಹೊಸದರ ಒಳಗೂ ಕಾಣುವಂತೆ ಜೋಡಿಸಬೇಕು. ಇವು ಡಿಸ್ಕಿನ ಮೇಲಿನ ಫೈಲುಗಳಲ್ಲ, ಕರ್ನಲ್ ಜೊತೆ ಮಾತಾಡುವ ಕಿಂಡಿಗಳು. ಹೀಗೆ ಜೋಡಿಸುವುದಕ್ಕೆ ಬೈಂಡ್ ಮೌಂಟ್ ಅನ್ನುತ್ತಾರೆ.

ಈಗ ಒಂದು ತಮಾಷೆ ನೋಡಬಹುದು. ಎರಡು ಟರ್ಮಿನಲ್ ಅಕ್ಕಪಕ್ಕ ಇಡಿ. ಎಡಗಡೆಯದಕ್ಕೆ ಯಾವ ಡಿಸ್ಟ್ರೋ ಅಂತ ಕೇಳಿದರೆ ಉಬುಂಟು 22.04 ಅನ್ನುತ್ತದೆ. ಬಲಗಡೆಯದು ಡೆಬಿಯನ್ 13 ಅನ್ನುತ್ತದೆ. ಎರಡಕ್ಕೂ ಕರ್ನಲ್ ನಂಬರ್ ಕೇಳಿ. ಎರಡೂ ಒಂದೇ ಉತ್ತರ ಕೊಡುತ್ತವೆ, 5.15 ಅಂತ ಏನೋ. ಡೆಬಿಯನ್ 13ರ ಸ್ವಂತ ಕರ್ನಲ್ 6.12. ಅದು ಆಗಲೇ ಡಿಸ್ಕಿಗೆ ಬಂದಿದ್ದರೂ ಸುಮ್ನೆ ಕೂತಿರುತ್ತದೆ, ಓಡುವುದಿಲ್ಲ. ಕರ್ನಲ್ ಬೇರೆ, ಡಿಸ್ಟ್ರೋ ಬೇರೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಚ್‌ರೂಟ್ ಒಳಗೆ ಕೂತು ಬಾಕಿ ಕೆಲಸ ಮುಗಿಸುತ್ತೀರಿ. ಕರ್ನಲ್, ಡೆಸ್ಕ್‌ಟಾಪ್, ಪ್ರಿಂಟರ್‌ಗೆ ಬೇಕಾದ ಕಪ್ಸ್ ಹಾಕುವುದು, ಬಳಕೆದಾರರ ಹೆಸರು ಸೇರಿಸುವುದು, ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅಂತ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆಯುವುದು. ಕೆಲವು ಸಲ, ಚ್‌ರೂಟ್‌ನಲ್ಲಿ ಇದ್ದೀರಿ, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು) ಶುರು ಮಾಡುವ ಕೋರಿಕೆ ಬಿಟ್ಟಿದ್ದೇನೆ ಅನ್ನುವ ಅರ್ಥದ ಸಂದೇಶ ಬರುತ್ತದೆ. ಗಾಬರಿ ಬೇಡ. ಹೊಸದರ ಸರ್ವಿಸ್ ಹಳೆಯದರ ಕಾಲಿಗೆ ಸಿಕ್ಕಿಕೊಳ್ಳದಿರಲಿ ಅಂತಲೇ ಹಾಗೆ ಮಾಡುತ್ತದೆ.

ಕನ್ನಡದ ಕೆಲಸವನ್ನೂ ಇಲ್ಲೇ ಮುಗಿಸಿಕೊಳ್ಳಿ. ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿ ಬಳಸಿದವರಿಗೆ ಗೊತ್ತಿರುವ ಕೆಜಿಪಿ ಕೀಲಿಮಣೆ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಡೆಬಿಯನ್‌ನಲ್ಲೇ ಇವೆ. ಡಿಟಿಪಿಯವರಿಗೆ ಒಂದು ಮಾತು: ಯೂನಿಕೋಡ್ ಬರುವ ಮುಂಚಿನ ಹಳೆಯ ಫಾಂಟಿನಲ್ಲಿ ಮಾಡಿದ ಫೈಲುಗಳು ಆ ಫಾಂಟು ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಆ ಫಾಂಟು ಫೈಲುಗಳನ್ನು ಹಳೆಯ ಮೆಷಿನ್ನಿನಿಂದ ಮೊದಲೇ ತೆಗೆದಿಟ್ಟುಕೊಳ್ಳಿ.

ವೈಫೈ ವಿಷಯ ಇದಕ್ಕಿಂತ ಮುಖ್ಯ. ಹೆಚ್ಚಿನ ಲ್ಯಾಪ್‌ಟಾಪುಗಳ ವೈಫೈ ಚಿಪ್ಪಿಗೆ ಫರ್ಮ್‌ವೇರ್ ಅನ್ನುವ ಸಣ್ಣ ಫೈಲ್ ಬೇಕು. ಡೆಬಿಯನ್ 12ರಿಂದ ಅದರ ಪ್ಯಾಕೇಜ್ ಸಂಗ್ರಹದಲ್ಲಿ ಇವಕ್ಕೆ ಬೇರೆಯೇ ವಿಭಾಗ ಇದೆ. ಮಾಮೂಲಿ ಇನ್‌ಸ್ಟಾಲರ್ ಇವನ್ನು ತಾನೇ ಹಾಕುತ್ತದೆ, ಡೆಬೂಟ್‌ಸ್ಟ್ರಾಪ್ ಹಾಕುವುದಿಲ್ಲ. ಆ ವಿಭಾಗವನ್ನು ಪಟ್ಟಿಗೆ ಸೇರಿಸಿ ನಿಮ್ಮ ಚಿಪ್ಪಿನ ಫರ್ಮ್‌ವೇರ್ ಹಾಕದಿದ್ದರೆ, ಹೊಸ ಸಿಸ್ಟಂ ಏಳುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಹಾಗೇನಾದರೂ ಆದರೆ ಮೊಬೈಲನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಅದಕ್ಕೆ ಬೇರೆ ಫರ್ಮ್‌ವೇರ್ ಬೇಕಾಗುವುದಿಲ್ಲ.

ಇದರಲ್ಲಿ ಅಪಾಯ ಅಂತ ಒಂದಿದೆ. ಏನೋ ತಪ್ಪಾಯಿತು, ಎಲ್ಲ ಅಳಿಸಿ ಮತ್ತೆ ಶುರು ಮಾಡೋಣ ಅಂತ ಹೊಸ ಫೋಲ್ಡರನ್ನು ಹಾಗೇ ಡಿಲೀಟ್ ಮಾಡಬೇಡಿ. ಬೈಂಡ್ ಮೌಂಟ್ ಮಾಡಿದ ಕಿಂಡಿಗಳು ಇನ್ನೂ ತೆರೆದೇ ಇರುತ್ತವೆ. ನಿಮ್ಮ ಹೋಮ್ ಫೋಲ್ಡರನ್ನೂ ಹಾಗೆ ಜೋಡಿಸಿದ್ದರೆ ಅಸಲಿ ಫೈಲುಗಳೇ ಅಳಿಸಿಹೋಗುತ್ತವೆ. ಮೊದಲು ಎಲ್ಲ ಅನ್‌ಮೌಂಟ್, ಆಮೇಲೆ ಅಳಿಸುವುದು.

ಬೂಟ್‌ಲೋಡರ್ ಕೂರಿಸುವಾಗ

ಈವರೆಗೆ ಮಾಡಿದ್ದು ಯಾವುದೂ ಹಳೆಯ ಸಿಸ್ಟಂ ಅನ್ನು ಮುಟ್ಟಿಲ್ಲ. ಬೂಟ್‌ಲೋಡರ್ ಮಾತ್ರ ಎರಡಕ್ಕೂ ಸೇರಿದ ಜಾಗ.

ಈಚಿನ ಮೆಷಿನ್ನುಗಳಲ್ಲಿ, ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಮಾಗಿ ಯುಇಎಫ್‌ಐ ಇರುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಅನ್ನುವ ಚಿಕ್ಕ ಪಾರ್ಟಿಷನ್, ಅದರೊಳಗೆ ಒಂದೊಂದು ಸಿಸ್ಟಂಗೆ ಒಂದೊಂದು ಫೋಲ್ಡರ್. ಉಬುಂಟು ಪಕ್ಕದಲ್ಲಿ ಡೆಬಿಯನ್ ಆರಾಮಾಗಿ ಇರಬಲ್ಲದು. ಇಎಫ್‌ಐ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಯಾವುದು ಮೊದಲು ಏಳಬೇಕು ಅನ್ನುವ ಸರದಿ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಗ್ರಬ್ ಅನ್ನುವ ಬೂಟ್‌ಲೋಡರನ್ನು ಹೊಸದಾಗಿ ಕೂರಿಸಿದರೆ ಅದು ತಾನೇ ಸರದಿಯ ಮುಂದೆ ಹೋಗಿ ನಿಲ್ಲುತ್ತದೆ.

ಇಎಫ್‌ಐಬೂಟ್‌ಎಂಜಿಆರ್ ಅನ್ನುವ ಆದೇಶದಿಂದ ಆ ಸರದಿಯನ್ನು ಮತ್ತೆ ಹಳೆಯದರ ಕಡೆ ತಿರುಗಿಸಿ, ಮುಂದಿನ ಒಂದು ಸಲ ಮಾತ್ರ ಹೊಸದನ್ನು ಎಬ್ಬಿಸು ಅಂತ ಹೇಳಬಹುದು. ಹೊಸದು ಎದ್ದರೆ ಸರಿ. ಪರದೆ ಕಪ್ಪಾಗಿ ನಿಂತರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿ. ಹಳೆಯ ಉಬುಂಟು ಎಂದಿನಂತೆ ಬರುತ್ತದೆ, ನೀವು ಕೆಲಸಕ್ಕೆ ಕೂರಬಹುದು. ಇಷ್ಟು ಅನುಕೂಲದ ಸೌಲಭ್ಯ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಯುಇಎಫ್‌ಐ ಬದಲು ಬಯೋಸ್ ಇರುವ ಹಳೆಯ ಮೆಷಿನ್ನುಗಳಲ್ಲಿ ಬೂಟ್‌ಲೋಡರ್‌ಗೆ ಡಿಸ್ಕಿನ ಆರಂಭದಲ್ಲಿ ಇರುವುದು ಒಂದೇ ಜಾಗ. ಅಲ್ಲಿ ಹೊಸ ಗ್ರಬ್ ಕೂರಿಸದೆ, ಹಳೆಯ ಗ್ರಬ್ ಮೆನುವಿಗೇ ಹೊಸ ಸಿಸ್ಟಂ ಸೇರಿಸುವುದು ಕ್ಷೇಮ. ಬೇರೆ ಸಿಸ್ಟಂಗಳನ್ನು ಹುಡುಕಿ ಮೆನುವಿಗೆ ಸೇರಿಸುವ ಓಎಸ್-ಪ್ರೋಬರ್ ಅನ್ನು ಗ್ರಬ್ 2.06ರಿಂದ ಆಫ್ ಮಾಡಿ ಇಟ್ಟಿದ್ದಾರೆ. ಮೆನುವಿನಲ್ಲಿ ಹೊಸದು ಕಾಣದಿದ್ದರೆ ಅದನ್ನು ಆನ್ ಮಾಡಿ.

ರೀಬೂಟ್ ತಪ್ಪಿಸಲೇ ಆಗುವುದಿಲ್ಲವಾ?

ಕರ್ನಲ್ ಬದಲಾಗಬೇಕಾದರೆ ಓಡುತ್ತಿರುವ ಕರ್ನಲ್ ಇಳಿಯಲೇಬೇಕು. ಅದು ಇಳಿದರೆ ಅದರ ಮೇಲೆ ಕೂತ ಎಲ್ಲ ಪ್ರೋಗ್ರಾಮುಗಳೂ ಇಳಿಯುತ್ತವೆ. ಇದನ್ನು ಸುತ್ತಿ ಹೋಗುವ ಪ್ರಯತ್ನಗಳು ಮೂರು ಕಡೆಯಿಂದ ನಡೆದಿವೆ.

ಕೆಎಕ್ಸೆಕ್ ಅನ್ನುವುದು 2005ರಲ್ಲಿ ಲಿನಕ್ಸ್ 2.6.13ರ ಜೊತೆ ಬಂತು. ಓಡುತ್ತಿರುವ ಕರ್ನಲ್ಲೇ ಹೊಸ ಕರ್ನಲನ್ನು ಮೆಮೊರಿಗೆ ತಂದು ನೇರವಾಗಿ ಅದಕ್ಕೆ ಜಿಗಿಯುತ್ತದೆ. ಬಯೋಸ್ ಮತ್ತೆ ಮೊದಲಿಂದ ಎಲ್ಲ ಪರೀಕ್ಷಿಸುವ ಸಮಯ ಉಳಿಯುತ್ತದೆ. ಆನ್ ಆಗಲು ಹಲವು ನಿಮಿಷ ತೆಗೆದುಕೊಳ್ಳುವ ಸರ್ವರ್‌ಗೆ ಇದು ದೊಡ್ಡ ಉಪಕಾರ. ಲ್ಯಾಪ್‌ಟಾಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಮೇಲಾಗಿ ತೆರೆದಿಟ್ಟ ಪ್ರೋಗ್ರಾಮುಗಳು ಇಲ್ಲೂ ಮುಚ್ಚಿಹೋಗುತ್ತವೆ.

ಲೈವ್ ಪ್ಯಾಚಿಂಗ್ ಇನ್ನೊಂದು ದಾರಿ. ಓಡುತ್ತಿರುವ ಕರ್ನಲ್‌ನ ತಪ್ಪನ್ನು ಓಡುತ್ತಲೇ ಸರಿಪಡಿಸುವುದು. 2015ರ ಲಿನಕ್ಸ್ 4.0ರಲ್ಲಿ ಇದಕ್ಕೆ ಬೇಕಾದ ಅಡಿಪಾಯ ಸೇರಿತು. ನಿಜವಾಗಿ ಏನನ್ನೂ ಮುಚ್ಚಬೇಕಾಗಿಲ್ಲ. ಆದರೆ ಇದು ಚಿಕ್ಕ ಭದ್ರತಾ ತೇಪೆಗಳಿಗೆ ಮಾತ್ರ, 5.15 ಇದ್ದದ್ದನ್ನು 6.12 ಮಾಡಲು ಬರುವುದಿಲ್ಲ.

ಮೂರನೆಯದು ಹೊಸದು, ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಕರ್ನಲ್ ಎದ್ದ ಮೇಲೆ ಉಳಿದೆಲ್ಲವನ್ನೂ ಎಬ್ಬಿಸುವ ಪ್ರೋಗ್ರಾಮು ಸಿಸ್ಟಂಡಿ. ಅದರ 254ನೇ ಆವೃತ್ತಿಯಲ್ಲಿ, 2023ರಲ್ಲಿ, ಸಾಫ್ಟ್ ರೀಬೂಟ್ ಬಂತು. ಕರ್ನಲ್ ಹಾಗೇ ಇರುತ್ತದೆ, ಅದರ ಮೇಲಿನದ್ದೆಲ್ಲ ನಿಂತು ಮತ್ತೆ ಏಳುತ್ತದೆ. ಮತ್ತೆ ಏಳುವಾಗ ಬೇರೆ ಬುಡದಿಂದ ಏಳು ಅಂತಲೂ ಹೇಳಬಹುದು. ಹೊಸ ಡಿಸ್ಟ್ರೋವನ್ನು ಅದಕ್ಕೆಂದೇ ಗೊತ್ತು ಮಾಡಿದ ಜಾಗದಲ್ಲಿ ಮೌಂಟ್ ಮಾಡಿಟ್ಟರೆ, ಕರ್ನಲ್ ರೀಬೂಟ್ ಆಗದೆಯೇ ಹೊಸ ಡಿಸ್ಟ್ರೋಗೆ ಹೋಗಬಹುದು. ಉಬುಂಟು 22.04ರಲ್ಲಿ ಇರುವುದು ಹಳೆಯ ಸಿಸ್ಟಂಡಿ, ಹಾಗಾಗಿ ಅಲ್ಲಿ ನಡೆಯುವುದಿಲ್ಲ. 24.04ರಲ್ಲಿ ನಡೆಯುತ್ತದೆ. ಆದರೆ ಹಳೆಯ ಕರ್ನಲ್ ಮೇಲೆ ಹೊಸ ಡಿಸ್ಟ್ರೋ ಕೂರುವುದರಿಂದ ಡ್ರೈವರ್ ಹೊಂದಾಣಿಕೆಯ ತಲೆನೋವು ಬರಬಹುದು. ಮನೆಯ ಲ್ಯಾಪ್‌ಟಾಪಿಗೆ ಈ ಸರ್ಕಸ್ ಬೇಕಾ ಅಂದರೆ, ಬೇಡ ಅಂತಲೇ ಹೇಳುತ್ತೇನೆ. ರಾತ್ರಿ ಊಟಕ್ಕೆ ಏಳುವಾಗ ಒಮ್ಮೆ ರೀಬೂಟ್ ಮಾಡಿದರೆ ಮುಗಿಯಿತು.

ವಿಂಡೋಸ್‌ನಲ್ಲಿ ಇರುವವರು

ವಿಂಡೋಸ್ ಒಳಗಿಂದ ನೇರವಾಗಿ ಚ್‌ರೂಟ್ ಆಗುವುದಿಲ್ಲ. ವರ್ಚುವಲ್‌ಬಾಕ್ಸ್‌ನಂಥ ಪ್ರೋಗ್ರಾಮಿನಲ್ಲಿ ನಕಲಿ ಕಂಪ್ಯೂಟರ್ ಒಂದನ್ನು ಮಾಡಿ, ಅದಕ್ಕೆ ಹೊರಗಿನ ಯುಎಸ್‌ಬಿ ಡಿಸ್ಕನ್ನು ಕೊಟ್ಟು, ಅದರೊಳಗೆ ಮಾಮೂಲಿ ಇನ್‌ಸ್ಟಾಲರ್ ಓಡಿಸುವುದು ಇವರಿಗಿರುವ ದಾರಿ. ಮೇಲೆ ಟ್ಯಾಲಿ ಓಡುತ್ತಿರಲಿ, ಕೆಳಗೆ ಲಿನಕ್ಸ್ ಕೂರುತ್ತಿರುತ್ತದೆ. ಅಸಲಿ ಮೆಷಿನ್ ಯುಇಎಫ್‌ಐ ಆಗಿದ್ದರೆ ನಕಲಿಗೂ ಯುಇಎಫ್‌ಐ ಆನ್ ಮಾಡಿ, ಇಲ್ಲದಿದ್ದರೆ ಆ ಡಿಸ್ಕ್ ಅಸಲಿ ಮೆಷಿನ್ನಿನಲ್ಲಿ ಬೂಟ್ ಆಗದೆ ಹೋಗಬಹುದು. ವಿಂಡೋಸ್ ಇರುವ ಒಳಗಿನ ಡಿಸ್ಕನ್ನು ಹೀಗೆ ಕೊಡಬೇಡಿ. ಎರಡು ಸಿಸ್ಟಂ ಒಂದೇ ಪಾರ್ಟಿಷನ್ನಿಗೆ ಒಟ್ಟಿಗೆ ಬರೆದರೆ ಅದು ಹಾಳಾಗುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದವರು ಬೂಟ್ ಸರದಿ ಮುಟ್ಟುವ ಮುಂಚೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಹೊಸದು ಎದ್ದ ಮೇಲೆ

ಹಳೆಯ ಹೋಮ್ ಫೋಲ್ಡರನ್ನೇ ಹೊಸದಕ್ಕೂ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಸೆಟ್ಟಿಂಗ್ ಫೈಲುಗಳು ಎರಡೂ ಡಿಸ್ಟ್ರೋಗಳ ಕೈಗೆ ಸಿಕ್ಕಿ ಕೆಡುತ್ತವೆ. ಹೊಸ ಬ್ರೌಸರ್ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯ ಬ್ರೌಸರ್ ತೆರೆಯಲು ಒಪ್ಪದೇ ಇರಬಹುದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರುಗಳನ್ನು ಮಾತ್ರ ಹಂಚಿಕೊಳ್ಳಿ. ಎರಡೂ ಕಡೆ ನಿಮ್ಮ ಬಳಕೆದಾರ ಸಂಖ್ಯೆ ಒಂದೇ ಇರಬೇಕು. ಸಾಮಾನ್ಯವಾಗಿ ಮೊದಲ ಬಳಕೆದಾರರಿಗೆ 1000 ಇರುತ್ತದೆ. ಬೇರೆಯಾದರೆ ನಿಮ್ಮ ಫೈಲು ನಿಮಗೇ ತೆರೆಯುವುದಿಲ್ಲ.

ಹಳೆಯ ಸಿಸ್ಟಂ ಅನ್ನು ತಕ್ಷಣ ಅಳಿಸಬೇಡಿ. ಪ್ರಿಂಟರ್, ಸ್ಕ್ಯಾನರ್, ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಆಫೀಸಿನ ವಿಪಿಎನ್ ಎಲ್ಲವೂ ಹೊಸದರಲ್ಲಿ ಒಮ್ಮೆಯಾದರೂ ನಡೆದದ್ದನ್ನು ನೋಡಿ. ಟೋಕನ್ ಥರದ್ದನ್ನು ವರ್ಷಕ್ಕೆ ಕೆಲವೇ ಸಲ ತೆಗೆಯುವುದರಿಂದ ಅದೇ ಕೊನೆಯ ದಿನ ಕೈಕೊಡುವುದು ಜಾಸ್ತಿ. ಎಲ್ಲ ಸರಿ ಅನ್ನಿಸಿದಾಗ ಬೂಟ್ ಸರದಿಯಲ್ಲಿ ಹೊಸದನ್ನು ಮೊದಲಿಗೆ ತನ್ನಿ. ಬಯೋಸ್ ಮೆಷಿನ್ ಆದರೆ ಗ್ರಬ್ಬನ್ನು ಹೊಸದರಿಂದ ಮತ್ತೆ ಕೂರಿಸಿದ ಮೇಲೆಯೇ ಹಳೆಯ ಪಾರ್ಟಿಷನ್ ಅಳಿಸಿ. ಮೆನುವಿನ ಫೈಲುಗಳು ಇನ್ನೂ ಹಳೆಯದರಲ್ಲೇ ಇರುವುದರಿಂದ, ಈ ಕ್ರಮ ತಿರುಗಾಮುರುಗಾ ಆದರೆ ಹೊಸದೂ ಏಳುವುದಿಲ್ಲ.